ಪುಕ್ಕಟೆ ದಾನವೆಂಬ ಮಾತು

ದಾನ ಮಾಡಿರಿ, ಆದರೆ ನಿಮ್ಮ ಕೈಯಿಂದ ಒಂದು ಕಾಸೂ ಬಿಡುವುದು ಬೇಡ ಎಂದು ಯಾರಾದರೂ ಮನೆಗೆ ಬಂದು ಹೇಳಿದ್ದರೆ ನಮ್ಮ ಹಿರಿಯರು ಆತನನ್ನು ಜಗಲಿಯ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟು, ನಿಧಾನವಾಗಿ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ನಾವು ಅವರಿಗಿಂತ ಹೆಚ್ಚು ಓದಿದವರು. ಪ್ರಶ್ನೆಯನ್ನೇ ಕೇಳದೆ ಒಪ್ಪಿಕೊಳ್ಳುತ್ತೇವೆ.

ನಾನು ಹೇಳಹೊರಟಿರುವುದು ಮನೆಯ ಕಂಪ್ಯೂಟರನ್ನು ವೈದ್ಯಕೀಯ ಸಂಶೋಧನೆಗೆ ಎರವಲು ಕೊಡುವ ಪದ್ಧತಿಯ ವಿಷಯ. ‘ನಿಮ್ಮ ಕಂಪ್ಯೂಟರು ದಿನದ ಬಹುಭಾಗ ಸುಮ್ಮನೆ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಅದು ವಿಜ್ಞಾನಿಗಳಿಗಾಗಿ ಲೆಕ್ಕ ಮಾಡಲಿ. ಕ್ಯಾನ್ಸರಿಗೋ ಅಲ್ಜೈಮರ್ ಕಾಯಿಲೆಗೋ ಮದ್ದು ಹುಡುಕಲು ಸಹಾಯವಾದೀತು. ನಿಮಗೆ ಖರ್ಚೇನೂ ಇಲ್ಲ.’ ಈ ಪದ್ಧತಿಯನ್ನು ಹೊಗಳುವವರೆಲ್ಲರೂ ಆಡುವ ಮಾತು ಇದು. ಮೊದಲ ಮೂರು ವಾಕ್ಯಗಳ ಮೇಲೆ ನನಗೆ ತಕರಾರಿಲ್ಲ. ಕೊನೆಯ ವಾಕ್ಯ ಸುಳ್ಳು. ಸುಳ್ಳಾದರೂ ನಿರುಪದ್ರವಿ ಸುಳ್ಳಲ್ಲವೇ, ಒಳ್ಳೆಯ ಕೆಲಸಕ್ಕೆ ಜನರನ್ನು ಕರೆಯಲು ಇಷ್ಟು ಹೇಳಿದರೇನು ಎನ್ನುವವರಿದ್ದಾರೆ. ಅವರೊಡನೆಯೇ ನನ್ನ ಜಗಳ. ಈ ಸುಳ್ಳು ನಿರುಪದ್ರವಿಯಲ್ಲ. ದಾನಿಯ ಬಾಯಿಯನ್ನು ಮುಚ್ಚಿಸುವ ಸುಳ್ಳು.

ಮೊದಲು ಕೆಲಸವೇನೆಂಬುದನ್ನು ನೋಡೋಣ. ಏಕೆಂದರೆ ಕೆಲಸ ದೊಡ್ಡದು, ಅದನ್ನು ಹಗುರಾಗಿ ಕಾಣುವ ಉದ್ದೇಶ ನನಗಿಲ್ಲ. ನಮ್ಮ ದೇಹದ ಪ್ರತಿಯೊಂದು ಪ್ರೋಟೀನೂ ಒಂದು ಉದ್ದನೆಯ ಸರ. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಸಾಲಾಗಿ ಪೋಣಿಸಿದ ಸರ. ಸರವಾಗಿಯೇ ಇದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ. ಅದು ತನ್ನಷ್ಟಕ್ಕೆ ತಾನೇ ಮಡಿಚಿಕೊಂಡು ಒಂದು ಆಕಾರ ತಳೆಯಬೇಕು. ಆಗಲೇ ಅದಕ್ಕೆ ಕೆಲಸ. ಮಡಿಕೆ ತಪ್ಪಿದರೆ ರೋಗ. ಆಕಾರ ತಳೆದ ಮೇಲೂ ಅದು ಕಲ್ಲಿನಂತೆ ನಿಲ್ಲುವುದಿಲ್ಲ. ಅಲುಗುತ್ತದೆ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಔಷಧದ ಅಣು ಹೋಗಿ ಕೂರಬೇಕಾದ ಗೂಡು ಕೆಲವೊಮ್ಮೆ ಆ ಅಲುಗಾಟದ ಒಂದು ಕ್ಷಣದಲ್ಲಿ ಮಾತ್ರ ತೆರೆದುಕೊಳ್ಳುತ್ತದೆ.

ಈ ಸರ ಎಲ್ಲೆಲ್ಲಿ ಎಷ್ಟೆಷ್ಟು ತಿರುಚಿಕೊಳ್ಳಬಹುದು, ಯಾವ ತಿರುವು ಸಾಧ್ಯವೇ ಇಲ್ಲ ಎಂಬುದನ್ನು ಮೊದಲು ಗೆರೆ ಎಳೆದು ತೋರಿಸಿದವರು ನಮ್ಮವರೇ. ಜಿ. ಎನ್. ರಾಮಚಂದ್ರನ್ ಅವರು ಮದರಾಸಿನಲ್ಲಿ ರಾಮಕೃಷ್ಣನ್, ಶಶಿಶೇಖರನ್ ಎಂಬ ಸಹೋದ್ಯೋಗಿಗಳೊಡನೆ 1963ರಲ್ಲಿ ಪ್ರಕಟಿಸಿದ ಆ ನಕ್ಷೆ ಇಂದಿಗೂ ಅವರ ಹೆಸರಿನಲ್ಲೇ ಜಗತ್ತಿನ ಪಠ್ಯಪುಸ್ತಕಗಳಲ್ಲಿದೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಆ ನಕ್ಷೆಯನ್ನು ದಿನವೂ ಬಳಸುವ ಯಾವ ಔಷಧ ಕಂಪನಿಯೂ ಅದಕ್ಕಾಗಿ ಯಾರಿಗೂ ಬಾಡಿಗೆ ಕೊಡುವುದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಪ್ರೋಟೀನಿನ ಅಲುಗಾಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ನೋಡುವುದು ಎಂಥ ಕೆಲಸ? ಪ್ರತಿಯೊಂದು ಪರಮಾಣುವನ್ನೂ ಅದರ ನೆರೆಹೊರೆಯವು ಎಷ್ಟು ಎಳೆಯುತ್ತವೆ, ಎಷ್ಟು ತಳ್ಳುತ್ತವೆ ಎಂದು ಗುಣಿಸಿ, ಅದನ್ನು ಒಂದು ಕೂದಲೆಳೆಯಷ್ಟು ಸರಿಸಿ, ಮತ್ತೆ ಗುಣಿಸಬೇಕು. ಒಂದೊಂದು ಹೆಜ್ಜೆಗೂ ಎರಡು ಫೆಮ್ಟೋಸೆಕೆಂಡು. ಸೆಕೆಂಡನ್ನು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಫೆಮ್ಟೋಸೆಕೆಂಡು ಎಂದು ಹೆಸರು. ಹೀಗಾಗಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗವನ್ನು ಕಾಣಬೇಕಾದರೂ ಈ ಗುಣಾಕಾರವನ್ನು 50 ಕೋಟಿ ಸಲ ಮಾಡಬೇಕು. ಒಂದೇ ಯಂತ್ರದ ಮುಂದೆ ಕುಳಿತ ವಿಜ್ಞಾನಿ ಮುದುಕನಾದಾನು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜಯ್ ಪಾಂಡೆ ಮತ್ತು ಅವರ ತಂಡದವರು 2000ದಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಒಂದೇ ಉದ್ದನೆಯ ಓಟದ ಬದಲು ಸಾವಿರಾರು ಸಣ್ಣ ಓಟಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಓಡಿಸಿ, ಬಂದ ತುಣುಕುಗಳನ್ನು ಲೆಕ್ಕಶಾಸ್ತ್ರದ ಸೂಜಿಯಿಂದ ಹೊಲಿದರೆ ಇಡೀ ಚಿತ್ರ ಬರುತ್ತದೆ. ಯಂತ್ರಗಳನ್ನು ಕೊಳ್ಳಲು ಹಣವಿಲ್ಲ. ಜನರ ಮನೆಗಳಲ್ಲಿ ಯಂತ್ರಗಳಿವೆ. ಫೋಲ್ಡಿಂಗ್ ಅಟ್ ಹೋಮ್ ಎಂಬ ಈ ಯೋಜನೆ ಹುಟ್ಟಿದ್ದು ಹೀಗೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಅವರ ರೊಸೆಟ್ಟಾ ಅಟ್ ಹೋಮ್, ಐಬಿಎಂ ಕಂಪನಿ 2004ರಲ್ಲಿ ತೆರೆದ ವರ್ಲ್ಡ್ ಕಮ್ಯುನಿಟಿ ಗ್ರಿಡ್ ಇವೆಲ್ಲ ಅನಂತರ ಬಂದವು. ಮನೆಯವನು ಒಂದು ಪ್ರೋಗ್ರಾಮನ್ನು ಹಾಕಿಕೊಂಡರೆ ಆಯಿತು. ಅದು ದೂರದ ಯಂತ್ರದಿಂದ ಲೆಕ್ಕದ ಒಂದು ತುಣುಕನ್ನು ತರಿಸಿಕೊಂಡು, ಬಿಡಿಸಿ, ಉತ್ತರವನ್ನು ಹಿಂದಕ್ಕೆ ಕಳುಹಿಸುತ್ತದೆ.

2020ರ ಮಾರ್ಚಿಯಲ್ಲಿ ಜಗತ್ತೆಲ್ಲ ಬಾಗಿಲು ಹಾಕಿಕೊಂಡು ಕುಳಿತಾಗ ಈ ಉಪಾಯದ ನಿಜವಾದ ಬಲ ಕಂಡಿತು. ಫೋಲ್ಡಿಂಗ್ ಅಟ್ ಹೋಮಿನವರು ಕೊರೋನಾ ವೈರಾಣುವಿನ ಪ್ರೋಟೀನುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇ ತಡ, ಜನ ಮುಗಿಬಿದ್ದರು. ಕೆಲವೇ ವಾರಗಳಲ್ಲಿ ಆ ಮನೆಯಂತ್ರಗಳೆಲ್ಲ ಸೇರಿ ಸೆಕೆಂಡಿಗೆ 1ರ ಮುಂದೆ 18 ಸೊನ್ನೆ ಹಾಕಿದಷ್ಟು ಗುಣಾಕಾರ ಮಾಡುವ ಮಟ್ಟ ಮುಟ್ಟಿದವು. ಸರ್ಕಾರದ ಹಣದಲ್ಲಿ ಕಟ್ಟಿದ ಒಂದೇ ಯಂತ್ರ, ಅಮೆರಿಕದ ಓಕ್‌ರಿಡ್ಜಿನ ಫ್ರಾಂಟಿಯರ್, ಆ ಗೆರೆ ದಾಟಿದ್ದು 2022ರ ಮೇ ತಿಂಗಳಲ್ಲಿ. ಎರಡರ ಅಳತೆಯ ರೀತಿ ಬೇರೆ, ಒಪ್ಪುತ್ತೇನೆ. ಆದರೂ ಸಣ್ಣ ಸಂಗತಿಯಲ್ಲ. ಹತ್ತು ಲಕ್ಷಕ್ಕೂ ಮೀರಿದ ಜನ ಸೇರಿ ಮಾಡಿದ ಈ ಲೆಕ್ಕದ ಫಲವನ್ನು 2021ರಲ್ಲಿ ಪ್ರಕಟಿಸಿದಾಗ ವಿಜ್ಞಾನಿಗಳು ಹೇಳಿದ್ದು, ವೈರಾಣುವಿನ ಪ್ರೋಟೀನುಗಳ ಚಲನೆಯನ್ನು ಒಟ್ಟಾರೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಂಡಿದ್ದೇವೆ ಎಂದು. ಅಷ್ಟು ಜನ, ಅಷ್ಟು ಯಂತ್ರ, ಅಷ್ಟು ವಿದ್ಯುತ್ತು. ಕಂಡದ್ದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಅಷ್ಟರಲ್ಲೇ, ಬೇರೆ ಯಾವ ವಿಧಾನದಿಂದಲೂ ಕಾಣದಿದ್ದ ಗೂಡುಗಳು ಕಂಡವು.

ಇಂಥ ಕೆಲಸಕ್ಕೆ ಕೊಡಬಾರದೆಂದು ನಾನು ಹೇಳುತ್ತೇನೆಯೇ? ಇಲ್ಲ. ಕೊಟ್ಟದ್ದನ್ನು ಕೊಟ್ಟೆ ಎಂದು ಹೇಳಿ ಎನ್ನುತ್ತೇನೆ.

‘ಸುಮ್ಮನೆ ಬಿದ್ದಿರುವ ಕಂಪ್ಯೂಟರು’ ಎಂಬ ನುಡಿ ಹುಟ್ಟಿದ್ದು ಬೇರೆ ಕಾಲದಲ್ಲಿ. 1999ರಲ್ಲಿ ಬರ್ಕ್‌ಲಿಯವರು ಆಕಾಶದಿಂದ ಬರುವ ರೇಡಿಯೋ ಅಲೆಗಳಲ್ಲಿ ಅನ್ಯಲೋಕದವರ ಸದ್ದು ಹುಡುಕುವ ಸೆಟಿ ಅಟ್ ಹೋಮ್ ಎಂಬ ಯೋಜನೆಯನ್ನು ಹೊರಡಿಸಿದರು. ಅದು ಬಂದದ್ದು ಸ್ಕ್ರೀನ್ ಸೇವರಿನ ವೇಷದಲ್ಲಿ. ಆಗಿನ ಯಂತ್ರ ದುಡಿದರೂ ಕುಳಿತರೂ ತಿನ್ನುವ ವಿದ್ಯುತ್ತಿನಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಹೇಗೂ ಉರಿಯುತ್ತಿರುವ ಒಲೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟಂತೆ. ಆ ಕಾಲಕ್ಕೆ ಆ ಮಾತು ಹೆಚ್ಚುಕಡಿಮೆ ಸರಿ. ಅನಂತರ ಯಂತ್ರ ಬದಲಾಯಿತು, ಮಾತು ಬದಲಾಗಲಿಲ್ಲ. ಈಗಿನ ಕಂಪ್ಯೂಟರು ಕೆಲಸವಿಲ್ಲದಾಗ ತನ್ನ ಅಂಗಾಂಗಗಳನ್ನು ತಾನೇ ಮಲಗಿಸಿಕೊಳ್ಳುತ್ತದೆ. ಕೆಲಸ ಕೊಟ್ಟೊಡನೆ ಎದ್ದು ಬಕಾಸುರನಂತೆ ಉಣ್ಣುತ್ತದೆ. ಅದರಲ್ಲೂ ಮಕ್ಕಳು ಆಟಕ್ಕೆಂದು ಹಾಕಿಸಿಕೊಳ್ಳುವ ಗ್ರಾಫಿಕ್ಸ್ ಕಾರ್ಡು ಇದ್ದರಂತೂ ಕೇಳುವುದೇ ಬೇಡ. ಈ ಲೆಕ್ಕಗಳಿಗೆ ಬಲು ಪ್ರಿಯವಾದದ್ದೂ ಅದೇ ಕಾರ್ಡು.

ಗೋಡೆಯ ಪ್ಲಗ್ಗಿಗೂ ಯಂತ್ರಕ್ಕೂ ನಡುವೆ ಒಂದು ಸಣ್ಣ ಮೀಟರು ಇಟ್ಟು ನಾನು ನೋಡಿದ್ದೇನೆ. ನಮ್ಮ ಮನೆಯ ಮೇಜಿನ ಕಂಪ್ಯೂಟರು ಸುಮ್ಮನಿದ್ದಾಗ 60 ವಾಟ್. ಪ್ರೋಟೀನು ಮಡಿಚುವಾಗ 240. ವ್ಯತ್ಯಾಸ 180 ವಾಟ್. ರಾತ್ರಿ ಎಂಟು ಗಂಟೆಯಂತೆ ತಿಂಗಳು ಓಡಿಸಿದರೆ 43 ಯೂನಿಟ್. ಹಗಲೂ ರಾತ್ರಿ ಓಡಿಸಿದರೆ ಸುಮಾರು 130. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೆ ಮೊದಲನೆಯದಕ್ಕೆ 260 ರೂಪಾಯಿ, ಎರಡನೆಯದಕ್ಕೆ 780. ರಾತ್ರಿ ಯಂತ್ರವನ್ನು ಆರಿಸಿಯೇ ಮಲಗುವ ಸಂಸಾರಸ್ಥರ ಮನೆಯಲ್ಲಿ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಆ 60 ವಾಟೂ ದಾನದ ಲೆಕ್ಕಕ್ಕೇ ಸೇರಬೇಕು.

ಇದಿಷ್ಟೇ ಆಗಿದ್ದರೆ ಬಿಡಬಹುದಿತ್ತು. ನಮ್ಮ ರಾಜ್ಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಂತೆ ತಿಂಗಳಿಗೆ 200 ಯೂನಿಟ್ ಮೀರದ ಮನೆಗೆ ಅದರ ಹಿಂದಿನ ಬಳಕೆಯ ಸರಾಸರಿಯನ್ನು ನೋಡಿ ವಿದ್ಯುತ್ತು ಉಚಿತ. 200 ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು. 180 ಯೂನಿಟ್ಟಿನ ಸಂಸಾರವೊಂದು 43 ಯೂನಿಟ್ಟನ್ನು ವಿಜ್ಞಾನಕ್ಕೆ ಕೊಟ್ಟಿತೆನ್ನಿ. ಒಟ್ಟು 223. ದಾನದ ಬೆಲೆ ಈಗ 260 ರೂಪಾಯಿಯಲ್ಲ, ಸಾವಿರದ ಮುನ್ನೂರಕ್ಕೂ ಮೇಲೆ! ಖರ್ಚೇನೂ ಇಲ್ಲವೆಂದು ಹೇಳಿದ ಮಹಾಶಯರು ಆ ತಿಂಗಳ ಬಿಲ್ಲನ್ನು ಹಿಡಿದು ಮನೆಯಾಕೆಯ ಮುಂದೆ ನಿಂತು ಸಮಾಧಾನ ಹೇಳಲಿ. ಇನ್ನು 120 ಯೂನಿಟ್ಟಿನ ಸಂಸಾರ, ತನ್ನ ಉಚಿತದ ಮಿತಿಯೊಳಗೇ ಇದನ್ನು ನಡೆಸಿತೆನ್ನಿ. ಆಗ ದಾನಿ ಯಾರು? ಆ ಮನೆಯವನೇ? ಅವನ ಬಿಲ್ಲು ಸೊನ್ನೆ. ದಾನಿ ಸರ್ಕಾರ, ಎಂದರೆ ತೆರಿಗೆ ಕೊಡುವ ನಾನೂ ನೀವೂ. ನಮ್ಮನ್ನು ಯಾರೂ ಕೇಳಲಿಲ್ಲ.

ಸೆಖೆಯ ಮಾತೂ ಇದೆ. ಕಂಪ್ಯೂಟರು ತಿಂದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ. ಕೆನಡಾದಲ್ಲೋ ನಾರ್ವೆಯಲ್ಲೋ ಚಳಿಗಾಲದಲ್ಲಿ ಪ್ರೋಟೀನು ಮಡಿಚಿದರೆ ಕೋಣೆ ಬೆಚ್ಚಗಾಗುತ್ತದೆ. ಹೀಟರಿನ ಖರ್ಚು ಅಷ್ಟು ಉಳಿಯುತ್ತದೆ. ಅಲ್ಲಿಯವರು ಖರ್ಚಿಲ್ಲವೆಂದರೆ ಅದರಲ್ಲಿ ಒಂದಿಷ್ಟು ನಿಜವಿದೆ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಅದೇ ಯಂತ್ರವನ್ನು ಹಚ್ಚಿದವನು ಅದರ ಶಾಖವನ್ನು ಹೊರಗೆ ಅಟ್ಟಲು ಮತ್ತೊಂದು ಯಂತ್ರ ಹಚ್ಚಬೇಕು. ಅವರ ಊರಿನ ಲೆಕ್ಕವನ್ನು ನಮ್ಮ ಊರಿಗೆ ತಂದು ಓದಿ ಹೇಳುವವರಿಗೆ ಇದು ಹೊಳೆಯುವುದಿಲ್ಲವೋ ಏನೋ. ರಾಯಚೂರಿನ ಚಿಮಣಿಗಳಿಂದ ಏಳುವ ಹೊಗೆಯ ವಿಷಯ ನಾನು ಬೇರೆ ಹೇಳಬೇಕಾಗಿಲ್ಲ; ಈ ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನದು. ಮಾಡಿನ ಮೇಲೆ ಸೌರಫಲಕ ಹಾಕಿಸಿಕೊಂಡವರು ಹಗಲಲ್ಲಿ ಓಡಿಸಲಿ, ಅವರ ಮೇಲೆ ನನಗೆ ಹೊಟ್ಟೆಕಿಚ್ಚು ಮಾತ್ರ.

ಇಂಜಿನಿಯರಾದ ನನ್ನ ಮಿತ್ರರೊಬ್ಬರು ಈ ಲೆಕ್ಕವನ್ನೆಲ್ಲ ಕೇಳಿ, “ಅಲ್ಲ ಸ್ವಾಮಿ, ತಿಂಗಳಿಗೆ ಇನ್ನೂರ ಅರವತ್ತು ರೂಪಾಯಿಗೆ ಇಷ್ಟು ಗಲಾಟೆಯೇ? ಹೋಟೆಲಿನಲ್ಲಿ ಇಬ್ಬರು ದೋಸೆ ತಿಂದು ಕಾಫಿ ಕುಡಿದರೆ ಅಷ್ಟಾಗುತ್ತದೆ” ಎಂದರು.

ರೂಪಾಯಿ ಹೆಚ್ಚೋ ಕಡಿಮೆಯೋ ನನ್ನ ಪ್ರಶ್ನೆಯಲ್ಲ. ಏನನ್ನೂ ಕೊಡಲಿಲ್ಲವೆಂದು ನಂಬಿದವನು ಏನನ್ನೂ ಕೇಳುವುದಿಲ್ಲ. ತಾನು ಬಿಸಾಡಿದ ತೌಡನ್ನು ಯಾರು ಒಯ್ದರೇನು, ಅದರಿಂದ ಎಣ್ಣೆ ತೆಗೆದು ಮಾರಿದರೇನು? ಆದರೆ ಅಳೆದು ಕೊಟ್ಟ ಅಕ್ಕಿ ಎಲ್ಲಿ ಹೋಯಿತೆಂದು ಕೇಳುವ ಹಕ್ಕು ಕೊಟ್ಟವನಿಗೆ ಇದೆ. ‘ಖರ್ಚಿಲ್ಲ’ ಎಂಬ ಎರಡಕ್ಷರ ಜಾಸ್ತಿಯ ಮಾತು ನಮ್ಮ ಅಕ್ಕಿಯನ್ನು ತೌಡೆಂದು ಬರೆಸಿಕೊಳ್ಳುತ್ತದೆ.

ನಮ್ಮ ನಾಡಿನ ದಾನಶಾಸನಗಳನ್ನು ನೋಡಿ. ಯಾವ ಊರಿನ ಹೊರಗೆ ಬೇಕಾದರೂ ಒಂದು ಸಿಕ್ಕೀತು. ಕಲ್ಲಿನ ತಲೆಯಲ್ಲಿ ಸೂರ್ಯಚಂದ್ರರು. ಕೊಟ್ಟವರು ಯಾರು, ಪಡೆದವರು ಯಾರು, ದೀಪಕ್ಕೋ ನೈವೇದ್ಯಕ್ಕೋ ಕೆರೆಯ ದುರಸ್ತಿಗೋ, ಭೂಮಿಯ ಮೂಡಣ ಎಲ್ಲೆ ಯಾವುದು, ಪಡುವಣ ಎಲ್ಲೆ ಯಾವ ಮರ, ಸಾಕ್ಷಿ ಯಾರು, ಎಲ್ಲವೂ ಅಲ್ಲಿದೆ. ಕೊನೆಗೆ ಇದನ್ನು ಕಬಳಿಸಿದವನಿಗೆ ಶಾಪ. ದಾನಿಗಳು ಶಂಕೆಯ ಮನುಷ್ಯರೆಂದಲ್ಲ. ಕೊಟ್ಟದ್ದು ಉದ್ದೇಶಕ್ಕೇ ಸಲ್ಲಬೇಕಾದರೆ ಬರೆದಿಡಬೇಕೆಂಬುದನ್ನು ಅವರು ತಿಳಿದಿದ್ದರು. ಈ ಕಾಲದ ದಾನಕ್ಕೂ ಶಾಸನವಿದೆ. ಪ್ರೋಗ್ರಾಮನ್ನು ಹಾಕಿಕೊಳ್ಳುವಾಗ ತೆರೆಯ ಮೇಲೆ ಬರುವ ಉದ್ದನೆಯ ಕರಾರು ಪತ್ರವೇ ಅದು. ಅದನ್ನು ಓದುವವರೆಷ್ಟು ಮಂದಿ? ‘ಒಪ್ಪಿದೆ’ ಎಂದು ಒತ್ತಿ ಮುಂದೆ ಹೋಗುತ್ತೇವೆ. ಖರ್ಚಿಲ್ಲವಷ್ಟೆ!

ಓದಿದರೆ ಸಂತೋಷಪಡಬೇಕಾದ ಸಂಗತಿಗಳೂ ಸಿಗುತ್ತವೆ. ವರ್ಲ್ಡ್ ಕಮ್ಯುನಿಟಿ ಗ್ರಿಡ್ಡಿನ ನಿಯಮ ಸ್ಪಷ್ಟವಾಗಿದೆ: ಯಂತ್ರಬಲ ಪಡೆಯುವವರು ಲಾಭಕ್ಕಾಗಿ ನಡೆಯದ ಸಂಸ್ಥೆಯವರಾಗಿರಬೇಕು, ಬಂದ ಫಲವನ್ನು ಸಾರ್ವಜನಿಕರ ಮುಂದಿಡಬೇಕು. ಜಪಾನಿನ ಚಿಬಾ ನಗರದ ವಿಜ್ಞಾನಿಗಳು ಇದರ ಬಲದಿಂದ ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿಗಾಗಿ 30 ಲಕ್ಷ ಸಂಯುಕ್ತಗಳನ್ನು ಜಾಲಿಸಿ, ಏಳನ್ನು ಆರಿಸಿ, 2014ರಲ್ಲಿ ಹೊರಗೆ ಹೇಳಿದರು. ಏಳು ಸಂಯುಕ್ತ ಎಂದರೆ ಏಳು ಔಷಧವಲ್ಲ. ಅಲ್ಲಿಂದ ಔಷಧದಂಗಡಿಗೆ ಬಲು ದೂರ. ಆದರೆ ಉಳಿದ ದಾರಿಯನ್ನು ಯಾರು ಬೇಕಾದರೂ ನಡೆಯಬಹುದು, ಮುಖ್ಯವಾದದ್ದು ಅದು. 2021ರಲ್ಲಿ ಈ ಗ್ರಿಡ್ಡು ಐಬಿಎಂ ಕೈಯಿಂದ ಟೊರಾಂಟೊ ನಗರದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಯ ಕೈಗೆ ಹೋಯಿತು. ಕೈ ಬದಲಾದಾಗ ಕರಾರು ಬದಲಾಯಿತೇ ಎಂದು ವಿಚಾರಿಸಿದ ದಾನಿಗಳೂ ಇದ್ದರು. ಅಂಥವರು ಇನ್ನಷ್ಟು ಮಂದಿ ಬೇಕು.

ಇನ್ನೂ ಒಳ್ಳೆಯ ಉದಾಹರಣೆ ಕೋವಿಡ್ ಮೂನ್‌ಶಾಟ್. 2020ರ ಮಾರ್ಚಿಯಲ್ಲಿ ಬೇರೆ ಬೇರೆ ದೇಶಗಳ ರಸಾಯನಶಾಸ್ತ್ರಜ್ಞರು ಸೇರಿ, ವೈರಾಣುವಿನ ಒಂದು ಮುಖ್ಯ ಪ್ರೋಟೀನಿಗೆ ಬೀಗದಂತೆ ಕೂರುವ ಅಣುವನ್ನು ಬಹಿರಂಗವಾಗಿ ಹುಡುಕುತ್ತೇವೆ, ಪೇಟೆಂಟು ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಸಾರಿದರು. ಸಾವಿರಾರು ವಿನ್ಯಾಸಗಳು ಬಂದವು. ಯಾವುದನ್ನು ಮೊದಲು ತಯಾರಿಸಬೇಕೆಂದು ಹೇಳುವ ಲೆಕ್ಕವನ್ನು ಮಾಡಿದ್ದು ಫೋಲ್ಡಿಂಗ್ ಅಟ್ ಹೋಮಿನ ಮನೆಯಂತ್ರಗಳು. ತಯಾರಿಸಿ ಕೊಟ್ಟದ್ದು ಉಕ್ರೇನಿನ ಕೀವ್ ನಗರದ ಪ್ರಯೋಗಶಾಲೆ. 2023ರಲ್ಲಿ ಎಲ್ಲವನ್ನೂ ಪ್ರಕಟಿಸಿದರು. ಅವರ ಅಣು ಅಂಗಡಿಗೆ ಬಂದಿಲ್ಲ. ಆದರೆ ಅವರು ಬಯಲಿನಲ್ಲಿಟ್ಟಿದ್ದ ಮಾಹಿತಿಯನ್ನೂ ನೋಡಿಕೊಂಡು ಜಪಾನಿನ ಶಿಯೋನೋಗಿ ಕಂಪನಿ ತನ್ನ ಎನ್ಸಿಟ್ರೆಲ್ವಿರ್ ಎಂಬ ಮಾತ್ರೆಯನ್ನು ಕಂಡುಕೊಂಡಿತು. ಅದಕ್ಕೆ 2022ರಲ್ಲಿ ಜಪಾನಿನಲ್ಲಿ ಒಪ್ಪಿಗೆಯೂ ಸಿಕ್ಕಿತು.

ಇಲ್ಲಿ ನನ್ನ ವಿರೋಧಿಗಳು ಚಪ್ಪಾಳೆ ತಟ್ಟಬಹುದು: ‘ನೋಡಿದಿರಾ, ಬಯಲಿನಲ್ಲಿಟ್ಟರೂ ಕೊನೆಗೆ ಕಂಪನಿಯೇ ತಾನೆ ಒಯ್ದದ್ದು?’ ಒಯ್ಯಲಿ. ಕಂಪನಿಗಳು ಔಷಧ ಮಾಡಬಾರದೆನ್ನುವ ಹುಂಬತನ ನನಗಿಲ್ಲ. ಮಾತ್ರೆಯನ್ನು ಸಾಧುಸಂತರು ತಯಾರಿಸುವುದಿಲ್ಲ. ಬಯಲಿನಲ್ಲಿದ್ದದ್ದನ್ನು ಒಬ್ಬರು ಒಯ್ದರೂ ಅದು ಬಯಲಿನಲ್ಲೇ ಉಳಿಯುತ್ತದೆ. ಹೈದರಾಬಾದಿನವರೂ ಒಯ್ಯಬಹುದು, ಢಾಕಾದವರೂ ಒಯ್ಯಬಹುದು. ಸಾವಿರಾರು ಮನೆಗಳ ವಿದ್ಯುತ್ತಿನಿಂದ ಹುಟ್ಟಿದ ಲೆಕ್ಕ ಒಂದೇ ಪೆಟ್ಟಿಗೆಗೆ ಬಿದ್ದು ಬೀಗ ಜಡಿಸಿಕೊಂಡರೆ ಆಗುವ ಕಥೆ ಬೇರೆ. ಆ ಕಥೆಯ ಬೆಲೆ ಎಷ್ಟೆಂಬುದು ಕ್ಯಾನ್ಸರಿನ ಗ್ಲೀವೆಕ್ ಮಾತ್ರೆಯ ವ್ಯಾಜ್ಯದಲ್ಲಿ ನಮಗೆ ಗೊತ್ತಾಗಿದೆ. ನೋವಾರ್ಟಿಸ್ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲೆ. ನಮ್ಮ ದೇಶದ ತಯಾರಕರದ್ದು ಅದರ ಹತ್ತರಲ್ಲೊಂದು ಭಾಗದ ಆಸುಪಾಸು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಪೇಟೆಂಟು ಕೊಡಲಾಗದೆಂದು ತೀರ್ಪಿತ್ತದ್ದರಿಂದ ಎಷ್ಟು ಸಂಸಾರಗಳ ಹೊಲಮನೆ ಉಳಿಯಿತೋ! ಕಿದ್ವಾಯಿ ಆಸ್ಪತ್ರೆಯ ಹೊರಗೆ ಚೀಟಿ ಹಿಡಿದು ನಿಂತವರಿಗೆ ಔಷಧ ಕಂಡುಹಿಡಿದರೆಂಬ ಸುದ್ದಿಯಿಂದ ಹೊಟ್ಟೆ ತುಂಬುವುದಿಲ್ಲ, ಅದರ ಬೆಲೆ ಬೇಕು. ಪ್ರೋಟೀನು ಮಡಿಚಲು ಯಂತ್ರ ಕೊಡುವವನು ಆ ಬೆಲೆಯನ್ನು ನಿರ್ಧರಿಸಲಾರ, ಸರಿ. ತನ್ನ ಪಾಲಿನ ಲೆಕ್ಕಕ್ಕೆ ಬೀಗ ಬೀಳಬಾರದೆಂದು ಹೇಳುವಷ್ಟು ಅಧಿಕಾರ ಅವನಿಗೆ ಖಂಡಿತ ಉಂಟು.

ಇನ್ನೊಂದು ಬಗೆಯ ಪಂಡಿತರಿದ್ದಾರೆ. ಈ ಮನೆಯಂತ್ರಗಳ ಕಾಲ ಮುಗಿಯಿತು, ಆಲ್ಫಾಫೋಲ್ಡ್ ಬಂದಮೇಲೆ ಇದೆಲ್ಲ ಚಕ್ಕಡಿ ಗಾಡಿ ಎನ್ನುವವರು. 2020ರಲ್ಲಿ ಗೂಗಲ್ ಬಳಗದ ಡೀಪ್‌ಮೈಂಡಿನವರ ಆ ಕೃತಕ ಬುದ್ಧಿ ಪ್ರೋಟೀನಿನ ಆಕಾರವನ್ನು ನಿಮಿಷಗಳಲ್ಲಿ ಊಹಿಸಿ ಹೇಳಿತು. 2024ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅರ್ಧ ಅದರ ಹಸಾಬಿಸ್ ಮತ್ತು ಜಂಪರ್ ಅವರಿಗೆ, ಇನ್ನರ್ಧ ರೊಸೆಟ್ಟಾದ ಡೇವಿಡ್ ಬೇಕರ್ ಅವರಿಗೆ ಹೋಯಿತು. ಅದ್ಭುತ ಸಾಧನೆಯೇ. ಆದರೆ ಆಲ್ಫಾಫೋಲ್ಡ್ ಕೊಡುವುದು ಮುಖ್ಯವಾಗಿ ನಿಂತ ಭಂಗಿಯ ಚಿತ್ರ. ಓಟದ ಮಧ್ಯೆ ಬಾಯಿ ತೆರೆಯುವ ಗೂಡನ್ನು ಕಾಣಬೇಕಾದರೆ ಇಂದಿಗೂ ಹೆಜ್ಜೆ ಹೆಜ್ಜೆಯಾಗಿ ಗುಣಿಸಲೇಬೇಕು. ಅದಿರಲಿ. ಆ ಕೃತಕ ಬುದ್ಧಿ ಪಾಠ ಕಲಿತದ್ದು ಎಲ್ಲಿ? 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಲ್ಲಿ. ಜಗತ್ತಿನ ವಿಜ್ಞಾನಿಗಳು ಐವತ್ತು ವರ್ಷ ಬೆವರು ಸುರಿಸಿ ಕಂಡ ಆಕಾರಗಳನ್ನು, ಲಕ್ಷಕ್ಕೂ ಮಿಕ್ಕಿ, ಪುಕ್ಕಟೆಯಾಗಿ ತಂದಿಟ್ಟ ಬಯಲು ಅದು. ಆಲ್ಫಾಫೋಲ್ಡಿನವರು 2021ರಲ್ಲಿ ತಮ್ಮ ಪ್ರೋಗ್ರಾಮನ್ನೂ ಬಯಲಿಗಿಟ್ಟರು. ಋಣ ತೀರಿತು ಎನ್ನೋಣ. ಆದರೆ 2024ರ ಮೇ ತಿಂಗಳಲ್ಲಿ ಮೂರನೆಯ ಆವೃತ್ತಿಯನ್ನು ಪ್ರಕಟಿಸಿದಾಗ ಅದರ ಒಳಗಿನ ಪ್ರೋಗ್ರಾಮನ್ನು ಕೊಡಲಿಲ್ಲ. ವಿಜ್ಞಾನಿಗಳು ಸಹಿ ಹಾಕಿ ಪ್ರತಿಭಟಿಸಿದರು. ನವೆಂಬರಿನಲ್ಲಿ ಕೊಟ್ಟರು, ಅದೂ ವ್ಯಾಪಾರಕ್ಕೆ ಬಳಸಬಾರದೆಂಬ ಕಟ್ಟಿನೊಂದಿಗೆ. ರಾಮಚಂದ್ರನ್ ಅವರ ನಕ್ಷೆಗೆ ಅಂಥ ಕಟ್ಟಿರಲಿಲ್ಲ. ಕೇಳಿದ್ದರಿಂದ ಕೊಟ್ಟರು ಎಂಬುದನ್ನು ಗಮನಿಸಬೇಕು.

ಕೇಳುವ ದಾನಿಯಿಂದ ಕೆಲಸಕ್ಕೆ ಅಡ್ಡಿ ಎಂಬ ಭಯವೂ ಬೇಡ. ರೊಸೆಟ್ಟಾದ ದಾನಿಗಳು ತಮ್ಮ ತೆರೆಯ ಮೇಲೆ ಪ್ರೋಟೀನು ತಡವರಿಸುವುದನ್ನು ನೋಡುತ್ತ ನೋಡುತ್ತ, ‘ಯಂತ್ರ ಹೀಗೇಕೆ ಒದ್ದಾಡುತ್ತಿದೆ, ಕೈಗೆ ಸಿಕ್ಕರೆ ನಾವೇ ಇದಕ್ಕಿಂತ ಚೆನ್ನಾಗಿ ಮಡಿಚುತ್ತೇವೆ’ ಎಂದು ತಕರಾರು ತೆಗೆದರು. ಬೇಕರ್ ತಂಡದವರು ಅದನ್ನು ಉದ್ಧಟತನವೆಂದು ತಳ್ಳಿಹಾಕಲಿಲ್ಲ. 2008ರಲ್ಲಿ ಫೋಲ್ಡಿಟ್ ಎಂಬ ಆಟ ಮಾಡಿ ಅವರ ಕೈಗೇ ಕೊಟ್ಟರು. ಮೂರು ವರ್ಷದ ಮೇಲೆ, ಮಂಗಗಳಲ್ಲಿ ಏಡ್ಸಿನಂಥ ರೋಗ ತರುವ ಒಂದು ವೈರಾಣುವಿನ ಪ್ರೋಟೀನು, ವಿಜ್ಞಾನಿಗಳಿಗೆ ಒಂದು ದಶಕಕ್ಕೂ ಮೀರಿ ಬಗ್ಗದಿದ್ದದ್ದು, ಈ ಆಟಗಾರರ ಕೈಯಲ್ಲಿ ಮೂರೇ ವಾರದಲ್ಲಿ ಬಿಡಿಸಿಕೊಂಡಿತು. ಸುಮ್ಮನೆ ಬಿದ್ದಿದ್ದದ್ದು ಕಂಪ್ಯೂಟರಲ್ಲ, ದಾನಿಗಳ ತಲೆ!

ಇದಕ್ಕೆ ತದ್ವಿರುದ್ಧವಾದದ್ದು ಅಂಕಗಳ ಹುಚ್ಚು. ಎಷ್ಟು ಲೆಕ್ಕ ಬಿಡಿಸಿದರೆ ಅಷ್ಟು ಅಂಕ, ತಂಡ ತಂಡಗಳಿಗೆ ಪೈಪೋಟಿ, ಪಟ್ಟಿಯಲ್ಲಿ ಸ್ಥಾನ. ದೇವಸ್ಥಾನಕ್ಕೆ ಟ್ಯೂಬ್‌ಲೈಟು ಕೊಟ್ಟವರು ಅದರ ಮೇಲೆಯೇ ದಪ್ಪಕ್ಷರದಲ್ಲಿ ಹೆಸರು ಬರೆಸುತ್ತಾರೆ, ಹೆಸರು ಕಾಣುತ್ತದೆ, ದೇವರು ಕಾಣುವುದಿಲ್ಲ. ಆ ಜಾತಿಯದೇ ಇದೂ. ಕೆಲವರು ಅಂಕಕ್ಕಾಗಿಯೇ ಹೊಸ ಗ್ರಾಫಿಕ್ಸ್ ಕಾರ್ಡು ಕೊಂಡದ್ದನ್ನು ಕಂಡಿದ್ದೇನೆ. ಅವರನ್ನು ಯಾವ ರೋಗಕ್ಕೆ ಕೊಡುತ್ತಿದ್ದೀರಿ ಎಂದರೆ ಗೊತ್ತಿಲ್ಲ, ಫಲ ಯಾರದು ಎಂದರೆ ಗೊತ್ತಿಲ್ಲ, ಅಂಕ ಎಷ್ಟು ಎಂದರೆ ಕಂಠಪಾಠ.

ಕೊನೆಯದಾಗಿ ಬೆಂಗಳೂರಿನ ಕಚೇರಿಗಳ ಮಾತು. ರಾತ್ರಿ ಹೊರವರ್ತುಲ ರಸ್ತೆಯಲ್ಲಿ ಹೋಗುವಾಗ ಆ ಗಾಜಿನ ಕಟ್ಟಡಗಳನ್ನು ನೋಡಿ, ಅಲ್ಲಿ ಎಷ್ಟು ಸಾವಿರ ಕಂಪ್ಯೂಟರು ಸುಮ್ಮನಿರಬಹುದು, ನಮ್ಮ ಹುಡುಗರು ಅವುಗಳಲ್ಲಿ ಇದನ್ನು ಹಾಕಬಾರದೇಕೆ ಎಂದು ಕೆಲವರಿಗೆ ಅನ್ನಿಸುತ್ತದೆ. ಯಜಮಾನನ ಒಪ್ಪಿಗೆಯಿಲ್ಲದೆ ಹಾಕಿದರೆ ಅದು ಅನ್ಯರ ಸೊತ್ತಿನಿಂದ ಮಾಡಿದ ದಾನ. ಅಮೆರಿಕದ ಜಾರ್ಜಿಯಾ ರಾಜ್ಯದ ಕಾಲೇಜೊಂದರಲ್ಲಿ ಕಂಪ್ಯೂಟರು ನೋಡಿಕೊಳ್ಳುತ್ತಿದ್ದ ನೌಕರನೊಬ್ಬ 1999ರಲ್ಲಿ ಅಲ್ಲಿಯ ಯಂತ್ರಗಳಲ್ಲಿ ಇಂಥದೇ ಒಂದು ಪ್ರೋಗ್ರಾಮನ್ನು ಹಾಕಿದ. ಅದು ವೈದ್ಯಕೀಯದ್ದಲ್ಲ, ಗೂಢಲಿಪಿ ಬಿಡಿಸುವ ಸ್ಪರ್ಧೆಯದು. ಆದರೆ ಬಳಸಿದ್ದು ಅದೇ ‘ಸುಮ್ಮನಿರುವ’ ಹೊತ್ತನ್ನು. ಅವನ ಮೇಲೆ ಮೊಕದ್ದಮೆ ಹೂಡಿದಾಗ ಆ ಹೊತ್ತಿಗೆ ಕಟ್ಟಿದ ಬೆಲೆ ಸೆಕೆಂಡಿಗೆ 59 ಸೆಂಟು. ಮೊತ್ತ ಲಕ್ಷಾಂತರ ಡಾಲರು. 2002ರಲ್ಲಿ ರಾಜಿಯಾಗಿ ಅವನು ಜೈಲು ತಪ್ಪಿಸಿಕೊಂಡ; ದಂಡ ಕಟ್ಟಿ, 80 ಗಂಟೆ ಸಮಾಜಸೇವೆ ಮಾಡಿದ. ಮನೆಯವನಿಂದ ಕೇಳುವಾಗ ಸೊನ್ನೆ, ಸಂಸ್ಥೆ ಕಳೆದುಕೊಂಡಾಗ ಸೆಕೆಂಡಿಗೆ 59 ಸೆಂಟು! ಎರಡು ಲೆಕ್ಕವೂ ಸರಿಯಾಗಿರಲು ಸಾಧ್ಯವಿಲ್ಲ. ನಿಜವಾದ ಬೆಲೆ ಮೀಟರಿನಲ್ಲಿದೆ. ನಮ್ಮ ಕಂಪನಿಗಳ ಯಜಮಾನರು ಮನಸ್ಸು ಮಾಡಿ, ರಾತ್ರಿಯ ಯಂತ್ರಬಲವನ್ನು ಬಹಿರಂಗವಾಗಿ ಕೊಡಲಿ. ತಿಂಗಳಿಗೆ ಇಷ್ಟು ಯೂನಿಟ್, ಇಂಥ ರೋಗದ ಲೆಕ್ಕಕ್ಕೆ, ಫಲ ಬಯಲಿನಲ್ಲಿಡಬೇಕೆಂಬ ಷರತ್ತಿನ ಮೇಲೆ ಎಂದು ವಾರ್ಷಿಕ ವರದಿಯಲ್ಲಿ ಒಂದು ಸಾಲು ಬರೆಯಿಸಲಿ. ಅವರ ಲೆಕ್ಕಿಗರಿಗೆ ಅದೇನೂ ಕಷ್ಟದ ಕೆಲಸವಲ್ಲ.